ಆಗದ ಅಪಘಾತಕ್ಕೆ ಬೆಲೆ ಕಟ್ಟುವವರು ಯಾರು?

ಸುಮಾರು ಎರಡು ದಶಕಗಳ ಹಿಂದಿನ ಮಾತು. ನಾನಾಗ ರಾಜ್ಯದ ಒಂದು ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯಾಗಿದ್ದೆ. ಅಲ್ಲಿನ ಕೈಗಾರಿಕಾ ಪ್ರದೇಶದ ದೊಡ್ಡ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಅನಿಲ ಸೋರಿಕೆಯ ಅಣಕು ಕಾರ್ಯಾಚರಣೆ ಏರ್ಪಾಡಾಗಿತ್ತು. ದಿನ, ಸಮಯ ಎರಡೂ ಹದಿನೈದು ದಿನ ಮೊದಲೇ ಎಲ್ಲರಿಗೂ ತಿಳಿದಿದ್ದವು. ಬೆಳಿಗ್ಗೆ 11 ಗಂಟೆಗೆ ಸೈರನ್ ಕೂಗಿತು. ಏಳೇ ನಿಮಿಷಗಳಲ್ಲಿ ಅಗ್ನಿಶಾಮಕ ವಾಹನ ಬಂದಿತು. ಸ್ಟ್ರೆಚರ್ ಮೇಲೆ ಮಲಗಿದ್ದ 'ಗಾಯಾಳು'ಗಳು ನಗುತ್ತಲೇ ಆಂಬುಲೆನ್ಸ್ ಏರಿದರು. ಶಾಮಿಯಾನದ ನೆರಳಿನಲ್ಲಿ ಕುಳಿತಿದ್ದ ನಾವು ಚಪ್ಪಾಳೆ ತಟ್ಟಿದೆವು.

ನೋಡಲು ಬಂದಿದ್ದ ಪಕ್ಕದ ಹಳ್ಳಿಯ ಜನರಿಗೆ ಕಾರ್ಖಾನೆಯ ಸುರಕ್ಷತಾಧಿಕಾರಿ ತಿಳಿವಳಿಕೆ ನೀಡಿದರು. ಅನಿಲ ಸೋರಿದಾಗ ಮುಖಕ್ಕೆ ಒದ್ದೆ ಬಟ್ಟೆ ಹಿಡಿಯಬೇಕು. ಕಾರ್ಖಾನೆಯ ನೆತ್ತಿಯ ಮೇಲೆ ಕಟ್ಟಿರುವ ಬಟ್ಟೆಯ ಚೀಲ ನೋಡಿ ಗಾಳಿಯ ದಿಕ್ಕು ತಿಳಿಯಬೇಕು. ಗಾಳಿಗೆ ಅಡ್ಡಲಾಗಿ ನಡೆದು ದೂರ ಹೋಗಬೇಕು. ಆಗ ಹಿಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಎದ್ದು ನಿಂತು, 'ಸ್ವಾಮೀ, ರಾತ್ರಿ ಹೊತ್ತು ಆ ಚೀಲ ಕಾಣೋದು ಹೆಂಗೆ?' ಎಂದು ಕೇಳಿದರು. ಸಭೆ ನಕ್ಕಿತು. ನಾನೂ ನಕ್ಕೆ. ಅಧಿಕಾರಿಗಳು 'ಗಮನಿಸುತ್ತೇವೆ' ಎಂದರು. ಕಾರ್ಯಾಚರಣೆ ಯಶಸ್ವಿಯಾಯಿತು ಎಂಬ ನಡವಳಿಗೆ ಅಂದು ಸಂಜೆ ನಾನು ಸಹಿ ಹಾಕಿದೆ. ಅದರಲ್ಲಿ ಅಜ್ಜಿಯ ಪ್ರಶ್ನೆ ಇರಲಿಲ್ಲ.

ಮೂರು ತಿಂಗಳ ನಂತರ ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ಅದೇ ಕೈಗಾರಿಕಾ ಪ್ರದೇಶದಲ್ಲಿ ಅಮೋನಿಯಾ ಸೋರಿತು. ಸೋರಿದ್ದು ನಾವು ಅಣಕು ಕಾರ್ಯಾಚರಣೆ ನಡೆಸಿದ ದೊಡ್ಡ ಕಾರ್ಖಾನೆಯಿಂದಲ್ಲ. ಅದರ ಹಿಂಬದಿಯಲ್ಲಿದ್ದ ಒಂದು ಸಣ್ಣ ಶೀತಲಗೃಹದಿಂದ. ಅಲ್ಲಿದ್ದ ಅಮೋನಿಯಾ ನಿಯಮಗಳು ಗೊತ್ತುಪಡಿಸಿದ ಪ್ರಮಾಣಕ್ಕಿಂತ ಕಡಿಮೆಯಾದ್ದರಿಂದ ಅಪಾಯಕಾರಿ ಘಟಕಗಳ ನಮ್ಮ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ತುರ್ತು ಯೋಜನೆಯ ಪುಸ್ತಕದಲ್ಲಿ ಮೊದಲ ಹೆಸರಾಗಿದ್ದ ಅಧಿಕಾರಿ ಎಂಟು ತಿಂಗಳ ಹಿಂದೆಯೇ ವರ್ಗವಾಗಿದ್ದರು. ಕತ್ತಲಿನಲ್ಲಿ ಎದ್ದು ಓಡಿದ ಜನರಲ್ಲಿ ಅನೇಕರು ಗಾಳಿ ಸಾಗುತ್ತಿದ್ದ ದಿಕ್ಕಿಗೇ ಓಡಿದ್ದರು. ಪುಣ್ಯವಶಾತ್ ಯಾರೂ ಸಾಯಲಿಲ್ಲ. ಆದರೆ ರಾತ್ರಿ ಪಾಳಿಯಲ್ಲಿದ್ದ 23 ವರ್ಷದ ಗುತ್ತಿಗೆ ಕಾರ್ಮಿಕನೊಬ್ಬ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡ. ಬೆಳಗಿನ ಜಾವ ಆಸ್ಪತ್ರೆಗೆ ಹೋದಾಗ ಅದೇ ಅಜ್ಜಿ ಅಲ್ಲಿ ಮಂಚದ ಮೇಲೆ ಕೆಮ್ಮುತ್ತಾ ಕುಳಿತಿದ್ದರು. ನನ್ನನ್ನು ಗುರುತಿಸಿದರು. ದೂರಲಿಲ್ಲ. ಕೊಟ್ಟಿಗೆಯಲ್ಲಿ ಕಟ್ಟಿಬಿಟ್ಟು ಬಂದಿದ್ದ ಎಮ್ಮೆ ಏನಾಯಿತೆಂದು ಯಾರಿಂದಲಾದರೂ ವಿಚಾರಿಸಿಕೊಡಿ ಎಂದಷ್ಟೇ ಕೇಳಿದರು.

ಮೂರು ದಶಕಗಳಿಗೂ ಮೀರಿದ ಸೇವೆಯಲ್ಲಿ ನಾನು ಹಾಕಿದ ಸಹಿಗಳಲ್ಲಿ ಮರೆಯಲಾಗದ್ದು ಆ ನಡವಳಿಯ ಮೇಲಿನ ಸಹಿ. ನಿವೃತ್ತಿಯ ನಂತರ ಈ ವಿಷಯದ ಬಗ್ಗೆ ಓದುತ್ತಾ ಹೋದಂತೆ, ನನ್ನ ಜಿಲ್ಲೆಯಲ್ಲಿ ಆದದ್ದು ಅಪವಾದವಲ್ಲ, ಜಗತ್ತಿನ ದೊಡ್ಡ ದೊಡ್ಡ ದುರಂತಗಳ ಹಿಂದಿರುವ ಕಥೆಯೇ ಅದು ಎಂಬುದು ಮನವರಿಕೆಯಾಗಿದೆ.

ಸುರಕ್ಷತೆ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಹೆಲ್ಮೆಟ್, ಕೈಗವಸು, ಬೂಟು. ಇವು ಬೇಕು, ನಿಜ. ಆದರೆ ಇವು ಒಬ್ಬ ಕಾರ್ಮಿಕ ಜಾರಿ ಬೀಳದಂತೆ, ಕೈ ಸುಟ್ಟುಕೊಳ್ಳದಂತೆ ಕಾಯುವ ಸಾಧನಗಳು. ವಿಷಾನಿಲವನ್ನೋ ಸುಡುವ ದ್ರವವನ್ನೋ ಅದಿರಬೇಕಾದ ಪೈಪು, ಟ್ಯಾಂಕುಗಳ ಒಳಗೇ ಹಿಡಿದಿಡುವುದು ಬೇರೆಯೇ ವಿದ್ಯೆ. ತಜ್ಞರು ಅದನ್ನು ಪ್ರಕ್ರಿಯಾ ಸುರಕ್ಷತೆ ಎನ್ನುತ್ತಾರೆ. ಮೊದಲನೆಯದು ತಪ್ಪಿದರೆ ಒಂದು ಮನೆಗೆ ದುಃಖ. ಎರಡನೆಯದು ತಪ್ಪಿದರೆ ಒಂದು ಊರಿಗೆ.

ಈ ಮಾತಿಗೆ ಭೋಪಾಲಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1984ರ ಡಿಸೆಂಬರ್ 2ರ ನಡುರಾತ್ರಿ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯ ಟ್ಯಾಂಕಿನಿಂದ ಮೀಥೈಲ್ ಐಸೋಸಯನೇಟ್ ಹೊರನುಗ್ಗಿದಾಗ ನಾನು ಅರ್ಥಶಾಸ್ತ್ರದ ಎಂ.ಎ. ವಿದ್ಯಾರ್ಥಿ. ಸರ್ಕಾರದ ಮೊದಲ ಎಣಿಕೆಯಲ್ಲೇ ಸತ್ತವರು 2,259. ನಂತರದ ವರ್ಷಗಳಲ್ಲಿ ಆ ಸಂಖ್ಯೆ ಹಲವು ಪಟ್ಟು ಬೆಳೆಯಿತು. ಪೀಡಿತರ ಸಂಖ್ಯೆ ಐದು ಲಕ್ಷ ದಾಟಿತು. ಟ್ಯಾಂಕಿಗೆ ನೀರು ಸೇರಿದ್ದು ಹೇಗೆ ಎಂಬ ಬಗ್ಗೆ ವಾದ ವಿವಾದಗಳಿವೆ. ಆದರೆ ನೀರು ಸೇರಿದ ಮೇಲೆ ಅನಾಹುತವನ್ನು ತಡೆಯಬೇಕಿದ್ದ ಏರ್ಪಾಡುಗಳು ಯಾವ ಸ್ಥಿತಿಯಲ್ಲಿದ್ದವು ಎಂಬ ಬಗ್ಗೆ ಹೆಚ್ಚಿನ ವಿವಾದವಿಲ್ಲ. ದ್ರವವನ್ನು ತಂಪಾಗಿಡಬೇಕಿದ್ದ ಶೈತ್ಯೀಕರಣ ಘಟಕವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ತೊಳೆದು ನಿರ್ವಿಷಗೊಳಿಸುವ ಸ್ಕ್ರಬ್ಬರ್ ಚಾಲನೆಯಲ್ಲಿರಲಿಲ್ಲ. ಅನಿಲವನ್ನು ಸುಟ್ಟುಹಾಕಬೇಕಿದ್ದ ಗೋಪುರಕ್ಕೆ ಹೋಗುವ ಪೈಪನ್ನು ದುರಸ್ತಿಗೆಂದು ಬಿಚ್ಚಿಡಲಾಗಿತ್ತು. ಹಾಯಿಸಿದ ನೀರು ಅನಿಲ ಹೊರಬೀಳುತ್ತಿದ್ದ ಎತ್ತರವನ್ನು ಮುಟ್ಟಲಿಲ್ಲ. ಆ ಘಟಕದ ಪಾಳಿಯ ಸಿಬ್ಬಂದಿಯನ್ನು ಅರ್ಧಕ್ಕೆ ಇಳಿಸಲಾಗಿತ್ತು. ಊರಿಗೆ ಕೇಳಿಸುವ ಸೈರನ್ನನ್ನು ಸ್ವಲ್ಪ ಹೊತ್ತು ಕೂಗಿಸಿ ನಿಲ್ಲಿಸಲಾಯಿತು.

ಎಚ್ಚರಿಕೆ ಇರಲಿಲ್ಲವೇ? ಇತ್ತು. 1981ರಲ್ಲೇ ಅದೇ ಕಾರ್ಖಾನೆಯಲ್ಲಿ ಫಾಸ್ಜೀನ್ ಅನಿಲಕ್ಕೆ ಕಾರ್ಮಿಕನೊಬ್ಬ ಬಲಿಯಾಗಿದ್ದ. 1982ರ ಮೇ ತಿಂಗಳಲ್ಲಿ ಮಾತೃಸಂಸ್ಥೆಯ ತಜ್ಞರ ತಂಡವೇ ಬಂದು ಲೋಪಗಳನ್ನು ಪಟ್ಟಿ ಮಾಡಿಕೊಟ್ಟಿತ್ತು. ಅದೇ ವರ್ಷ ರಾಜಕುಮಾರ್ ಕೇಸ್ವಾನಿ ಎಂಬ ಸ್ಥಳೀಯ ಪತ್ರಕರ್ತ, ನಗರವನ್ನು ಉಳಿಸಿ ಎಂದು ಅಂಗಲಾಚಿ ಬರೆದಿದ್ದರು. ಯಾರೂ ಕಿವಿಗೊಡಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಈ ಪಟ್ಟಿಯನ್ನು ಓದಿದಾಗ ನನಗೆ ಕಾಣುವುದು ದುಷ್ಟತನಕ್ಕಿಂತ ಹೆಚ್ಚಾಗಿ ಒಂದು ಲೆಕ್ಕಾಚಾರ. ಕಾರ್ಖಾನೆ ನಷ್ಟದಲ್ಲಿತ್ತು. ಶೈತ್ಯೀಕರಣ ನಿಲ್ಲಿಸಿದರೆ ವಿದ್ಯುತ್ ಉಳಿಯಿತು. ಸಿಬ್ಬಂದಿ ಕಡಿಮೆ ಮಾಡಿದರೆ ಸಂಬಳ ಉಳಿಯಿತು. ಒಂದೊಂದು ಉಳಿತಾಯವೂ ಆ ತಿಂಗಳ ಖರ್ಚಿನ ಪಟ್ಟಿಯಲ್ಲಿ ಜಾಣತನವಾಗಿಯೇ ಕಂಡಿರಬೇಕು. ಏಕೆಂದರೆ ಸುರಕ್ಷತೆಗೆ ಮಾಡುವ ಖರ್ಚು ಇಂದೇ ಕಣ್ಣಿಗೆ ಬೀಳುತ್ತದೆ. ಅದರ ಪ್ರತಿಫಲ, ಅಂದರೆ ಆಗದೇ ಹೋದ ಅಪಘಾತ, ಯಾವ ಲೆಕ್ಕಪತ್ರದಲ್ಲೂ ಕಾಣಿಸುವುದಿಲ್ಲ. ಆಗದ ಅಪಘಾತಕ್ಕಾಗಿ ಯಾವ ವ್ಯವಸ್ಥಾಪಕನಿಗೂ ಬಡ್ತಿ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಇನ್ನೊಂದೆಡೆ, ಉಳಿತಾಯದ ಲಾಭ ಬೇಲಿಯ ಒಳಗಿನವರಿಗೆ, ಅಪಾಯದ ಭಾರ ಬೇಲಿಯ ಹೊರಗಿನವರಿಗೆ. ಬೆಲೆ ತೆರುವವನು ಒಬ್ಬ, ನಿರ್ಧರಿಸುವವನು ಮತ್ತೊಬ್ಬನಾದಾಗ ಮಾರುಕಟ್ಟೆ ತಾನೇ ತಾನಾಗಿ ಸರಿಯಾದ ಉತ್ತರ ಕೊಡುವುದಿಲ್ಲ ಎಂಬುದು ನಮ್ಮ ಶಾಸ್ತ್ರದ ಮೊದಲ ಪಾಠಗಳಲ್ಲೊಂದು.

ಇದು ಬಡದೇಶಗಳ ರೋಗ ಮಾತ್ರವೇ? ಅಲ್ಲ. 1974ರ ಜೂನ್ 1ರಂದು ಇಂಗ್ಲೆಂಡಿನ ಫ್ಲಿಕ್ಸ್‌ಬರೋದಲ್ಲಿ ಕಾರ್ಖಾನೆಯೊಂದು ಸ್ಫೋಟಿಸಿ 28 ಜನ ಸತ್ತರು. ಸಾಲಿನಲ್ಲಿದ್ದ ಆರು ರಿಯಾಕ್ಟರುಗಳ ಪೈಕಿ ಒಂದು ಬಿರುಕು ಬಿಟ್ಟಾಗ ಅದನ್ನು ತೆಗೆದು, ಉತ್ಪಾದನೆ ನಿಲ್ಲಬಾರದೆಂದು ತಾತ್ಕಾಲಿಕ ಪೈಪೊಂದನ್ನು ಜೋಡಿಸಿದ್ದರು. ಅದಕ್ಕೆ ಸರಿಯಾದ ವಿನ್ಯಾಸದ ಲೆಕ್ಕವೇ ಇರಲಿಲ್ಲ. ಕಾರ್ಯಾಗಾರದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚಿತ್ರವೇ ಆಧಾರ. ಆಕ್ಷೇಪಿಸಬಲ್ಲ ಅನುಭವಿ ಎಂಜಿನಿಯರ್ ಹುದ್ದೆ ಆಗ ಖಾಲಿಯಿತ್ತು. 'ಸದ್ಯಕ್ಕೆ ಹೀಗಿರಲಿ' ಎಂಬ ನಮ್ಮ ಕಚೇರಿಗಳ ಅಚ್ಚುಮೆಚ್ಚಿನ ಮಾತು ಅಲ್ಲಿಯೂ ಇತ್ತೆಂದಾಯಿತು. ಯಾವ ಬದಲಾವಣೆಯನ್ನೂ, ಅದೆಷ್ಟೇ ಸಣ್ಣದಾಗಿರಲಿ, ಬಲ್ಲವರು ಪರಿಶೀಲಿಸಿ ಬರಹದಲ್ಲಿ ಒಪ್ಪದೆ ಜಾರಿಗೆ ತರಬಾರದು ಎಂಬ ನಿಯಮಕ್ಕೆ ಆ 28 ಜೀವಗಳು ಬೆಲೆ ತೆತ್ತವು.

2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ಬಿಪಿ ತೈಲ ಸಂಸ್ಕರಣಾಗಾರದಲ್ಲಿ ಸಂಭವಿಸಿದ ಸ್ಫೋಟದಲ್ಲಿ 15 ಮಂದಿ ಸತ್ತು, ಸುಮಾರು 180 ಮಂದಿ ಗಾಯಗೊಂಡರು. ಗೋಪುರದಲ್ಲಿ ದ್ರವ ಮಿತಿಮೀರಿ ತುಂಬುತ್ತಿದ್ದರೂ ಮಟ್ಟ ತೋರಿಸುವ ಉಪಕರಣ ಬೇರೆಯೇ ಹೇಳುತ್ತಿತ್ತು. ಸತ್ತವರೆಲ್ಲ ಗುತ್ತಿಗೆದಾರರ ಕಡೆಯವರು. ಅಪಾಯದ ಘಟಕದ ಪಕ್ಕದಲ್ಲೇ ಇರಿಸಿದ್ದ ತಾತ್ಕಾಲಿಕ ಕಚೇರಿ ಕೋಣೆಗಳಲ್ಲಿ, ಅವುಗಳ ಆಸುಪಾಸಿನಲ್ಲಿ ಇದ್ದವರು. ಮಾಜಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ ನೇತೃತ್ವದ ಸಮಿತಿ 2007ರಲ್ಲಿ ನೀಡಿದ ವರದಿಯಲ್ಲಿ ಗಮನಾರ್ಹ ಅಂಶವೊಂದಿದೆ. ಕಾರ್ಮಿಕರಿಗೆ ಆಗುವ ಸಣ್ಣಪುಟ್ಟ ಗಾಯಗಳ ಪ್ರಮಾಣ ಇಳಿಯುತ್ತಿದ್ದುದನ್ನೇ ಕಂಪನಿ ಸುರಕ್ಷತೆಯ ಅಳತೆಗೋಲಾಗಿ ನಂಬಿತ್ತು. ಪ್ರಕ್ರಿಯಾ ಸುರಕ್ಷತೆಯನ್ನು ಆ ಕೋಲು ಅಳೆಯುತ್ತಲೇ ಇರಲಿಲ್ಲ. ನಮ್ಮ ಕಾರ್ಖಾನೆಗಳ ಹೆಬ್ಬಾಗಿಲಲ್ಲಿ 'ಅಪಘಾತವಿಲ್ಲದ ದಿನಗಳು' ಎಂಬ ಫಲಕ ಕಂಡಾಗಲೆಲ್ಲ ನನಗೆ ಈ ವರದಿ ನೆನಪಾಗುತ್ತದೆ. ಭೋಪಾಲದಲ್ಲಿ ಡಿಸೆಂಬರ್ 2ರ ಬೆಳಿಗ್ಗೆ ಅಂಥದೊಂದು ಫಲಕ ಇದ್ದಿದ್ದರೆ ಅದು ಏನು ಹೇಳುತ್ತಿತ್ತು?

ಭಾರತ ಪಾಠ ಕಲಿಯಲಿಲ್ಲ ಎನ್ನುವುದು ಅನ್ಯಾಯವಾದೀತು. ಕಾಗದದ ಮೇಲಂತೂ ಕಲಿತಿದೆ. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಬಗ್ಗೆ ಹೊಸ ಅಧ್ಯಾಯ ಸೇರಿತು. 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹಣೆ ಮತ್ತು ಆಮದು ನಿಯಮಗಳೂ, 1996ರಲ್ಲಿ ರಾಸಾಯನಿಕ ಅಪಘಾತಗಳ ತುರ್ತು ಯೋಜನೆಯ ನಿಯಮಗಳೂ ಬಂದವು. ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ 1985ರಲ್ಲಿ ಓಲಿಯಂ ಸೋರಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಪಾಯಕಾರಿ ಉದ್ಯಮ ನಡೆಸುವವನು ಯಾವ ವಿನಾಯಿತಿಯೂ ಇಲ್ಲದೆ ಸಂಪೂರ್ಣ ಹೊಣೆಗಾರ ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ಜಗತ್ತಿನ ಯಾವ ನ್ಯಾಯಾಲಯವಾದರೂ ಹೆಮ್ಮೆಪಡಬಹುದಾದ ತೀರ್ಪು ಅದು.

ಆದರೆ ತತ್ತ್ವಕ್ಕೂ ತೆರಬೇಕಾದ ಬೆಲೆಗೂ ನಡುವೆ ಅಂತರ ಬಹಳ. ಭೋಪಾಲದ ಪರಿಹಾರ 1989ರಲ್ಲಿ 47 ಕೋಟಿ ಡಾಲರಿಗೆ ಇತ್ಯರ್ಥವಾಯಿತು. ಹೆಚ್ಚುವರಿ ಪರಿಹಾರ ಕೋರಿದ ಅರ್ಜಿ 2023ರಲ್ಲಿ ವಜಾ ಆಯಿತು. ಕ್ರಿಮಿನಲ್ ಮೊಕದ್ದಮೆಯಲ್ಲಿ 2010ರಲ್ಲಿ, ಅಂದರೆ ಇಪ್ಪತ್ತೈದು ವರ್ಷ ಕಳೆದ ಮೇಲೆ, ಏಳು ಮಂದಿಗೆ ಎರಡು ವರ್ಷಗಳ ಸಜೆಯಾಯಿತು. ಕಾರ್ಖಾನೆಯ ಆವರಣದಲ್ಲಿ ಉಳಿದಿದ್ದ 337 ಟನ್ ವಿಷತ್ಯಾಜ್ಯವನ್ನು ಪೀಥಂಪುರಕ್ಕೆ ಸಾಗಿಸಿ ಸುಟ್ಟದ್ದು 2025ರಲ್ಲಿ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಸತ್ತವರ ಕುಟುಂಬಕ್ಕೆ ನಿಗದಿ ಮಾಡಿದ ತಕ್ಷಣದ ಪರಿಹಾರ 25,000 ರೂಪಾಯಿ. ಮೂರು ದಶಕಗಳ ಕಾಲ ಆ ಅಂಕಿ ಕದಲಲೇ ಇಲ್ಲ. ತಪ್ಪಿಗೆ ತೆರಬೇಕಾದ ಬೆಲೆ ಇಷ್ಟು ಅಗ್ಗವಾಗಿದ್ದಾಗ ಮುನ್ನೆಚ್ಚರಿಕೆ ದುಬಾರಿಯಾಗಿ ಕಾಣುವುದು ಸಹಜವೇ.

ಹಾಗಾಗಿಯೇ ಅದೇ ಕಥೆ ಮರುಕಳಿಸುತ್ತಿದೆ. 2009ರ ಅಕ್ಟೋಬರ್ 29ರ ಸಂಜೆ ಜೈಪುರದ ತೈಲ ದಾಸ್ತಾನು ಕೇಂದ್ರದಲ್ಲಿ ಸುಮಾರು 75 ನಿಮಿಷ ಪೆಟ್ರೋಲ್ ಸೋರುತ್ತಿದ್ದರೂ ಅದನ್ನು ನಿಲ್ಲಿಸಲಾಗಲಿಲ್ಲ. ಬೆಂಕಿಗೆ 11 ಮಂದಿ ಆಹುತಿಯಾದರು. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌.ಜಿ. ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಅನಿಲ ಹರಡಿ 12 ಮಂದಿ ಸತ್ತರು. ಲಾಕ್‌ಡೌನ್‌ನಿಂದ ನಿಂತಿದ್ದ ಕಾರ್ಖಾನೆಯ ಟ್ಯಾಂಕಿನಲ್ಲಿ ದ್ರವ ಬಿಸಿಯೇರುತ್ತಾ ಹೋಯಿತು. ರಾಸಾಯನಿಕ ಕ್ರಿಯೆಯನ್ನು ತಡೆಹಿಡಿಯುವ ಪದಾರ್ಥ ಸಾಲಲಿಲ್ಲ. ಆವರಣದಲ್ಲಿ ಹಲವೆಡೆ ಸೈರನ್ ಒತ್ತುವ ವ್ಯವಸ್ಥೆ ಇದ್ದರೂ ಯಾರೂ ಒತ್ತಲಿಲ್ಲ. ತಂಪಾಗಿರಬೇಕಾದ ಟ್ಯಾಂಕು ಬಿಸಿಯಾದದ್ದು, ಕೂಗಬೇಕಾದ ಸೈರನ್ ಮೌನವಾದದ್ದು: ಭೋಪಾಲಕ್ಕೂ ವಿಶಾಖಪಟ್ಟಣಕ್ಕೂ ನಡುವೆ ಮೂವತ್ತೈದು ವರ್ಷಗಳೂ ಹಲವು ಕಾಯ್ದೆಗಳೂ ಸಂದಿದ್ದವು ಎಂದು ನಂಬುವುದು ಕಷ್ಟ. 2025ರ ಜೂನ್ 30ರಂದು ತೆಲಂಗಾಣದ ಪಾಶಮೈಲಾರಂನ ಔಷಧ ಘಟಕದಲ್ಲಿ ನಡೆದ ಸ್ಫೋಟ 40ಕ್ಕೂ ಹೆಚ್ಚು ಕಾರ್ಮಿಕರನ್ನು ಬಲಿ ತೆಗೆದುಕೊಂಡಿತು. ಪ್ರತಿ ಸಲವೂ ತನಿಖೆ, ಪರಿಹಾರ ಘೋಷಣೆ, ಎಲ್ಲ ಕಾರ್ಖಾನೆಗಳ ತಪಾಸಣೆಗೆ ಆದೇಶ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದೂ ಒಂದು ಆಡಳಿತ ಪದ್ಧತಿಯಾಗಿಬಿಟ್ಟಿದೆ.

ಆಡಳಿತದ ಒಳಗಿದ್ದವನಾಗಿ ನಮ್ಮ ಪಾಲಿನ ತಪ್ಪನ್ನೂ ಹೇಳಬೇಕು. 1996ರ ನಿಯಮಗಳ ಪ್ರಕಾರ ಜಿಲ್ಲೆಯ ಬಿಕ್ಕಟ್ಟು ನಿರ್ವಹಣಾ ಗುಂಪಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷ. ಬರ, ನೆರೆ, ಚುನಾವಣೆ, ಸಚಿವರ ಪ್ರವಾಸಗಳ ನಡುವೆ ಆ ಸಭೆಗೆ ಸಿಗುತ್ತಿದ್ದುದು ಅರ್ಧ ಗಂಟೆ. ನಮ್ಮ ತುರ್ತು ಯೋಜನೆಯ ಕೆಲವು ಪುಟಗಳಲ್ಲಿ ಬೇರೊಂದು ಜಿಲ್ಲೆಯ ಹೆಸರು ಹಾಗೆಯೇ ಉಳಿದಿದ್ದುದನ್ನು ನಾನು ಗಮನಿಸಿದ್ದು ಅಮೋನಿಯಾ ಸೋರಿದ ಮೇಲೆ. ಅಷ್ಟೇ ಅಲ್ಲ, ಕಾರ್ಖಾನೆ ಬಂದಾಗ ಅದರ ಸುತ್ತ ಇದ್ದದ್ದು ಹೊಲಗಳು. ಆ ಹೊಲಗಳನ್ನು ಒಂದೊಂದಾಗಿ ಬಡಾವಣೆಗಳಾಗಿ ಪರಿವರ್ತಿಸಲು ಅನುಮತಿ ನೀಡಿದವರು ನಾವೇ. ಭೂಪರಿವರ್ತನೆಯ ಕಡತದಲ್ಲಿ ಸರ್ವೆ ನಂಬರು, ಶುಲ್ಕ, ನಿರಾಕ್ಷೇಪಣಾ ಪತ್ರ ಎಲ್ಲವೂ ಇರುತ್ತಿದ್ದವು. ಪಕ್ಕದ ಟ್ಯಾಂಕಿನಲ್ಲಿ ಏನಿದೆ ಎಂಬ ಪ್ರಶ್ನೆ ಇರುತ್ತಿರಲಿಲ್ಲ.

'ಇನ್‌ಸ್ಪೆಕ್ಟರ್ ರಾಜ್' ಬೇಡ, ಉದ್ಯಮಿಯ ಸ್ವಯಂ ದೃಢೀಕರಣ ಸಾಕು ಎಂಬ ವಾದ ಕೆಲವು ದಶಕಗಳಿಂದ ಪ್ರಬಲವಾಗಿದೆ. ಆ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ನಾನೂ ಅದರ ಪರ ಟಿಪ್ಪಣಿಗಳನ್ನು ಬರೆದವನೇ. ಲಂಚಕ್ಕಾಗಿಯೇ ಬಾಗಿಲು ತಟ್ಟುವ ತಪಾಸಣೆಯಿಂದ ಯಾರ ಜೀವವೂ ಉಳಿಯುವುದಿಲ್ಲ. ಆದರೆ ಬಟ್ಟೆ ಅಂಗಡಿಗೂ ಕ್ಲೋರಿನ್ ಘಟಕಕ್ಕೂ ಒಂದೇ ಮಾನದಂಡ ಸಲ್ಲದು. ಅಂಗಡಿಯವನು ತಪ್ಪು ಮಾಡಿದರೆ ನಷ್ಟ ಬಹುತೇಕ ಅವನದೇ. ಕ್ಲೋರಿನ್ ಘಟಕದ ತಪ್ಪಿಗೆ ನೆರೆಯವರು ಉಸಿರು ತೆರಬೇಕು. ಇಲ್ಲಿ ಬೇಕಾದುದು ಹೆಚ್ಚು ಇನ್‌ಸ್ಪೆಕ್ಟರುಗಳಲ್ಲ. ರಾಸಾಯನಿಕ ಎಂಜಿನಿಯರಿಂಗ್ ಬಲ್ಲ, ಕಾರ್ಖಾನೆಯ ಎಂಜಿನಿಯರನ ಜೊತೆ ಸರಿಸಮನಾಗಿ ವಾದಿಸಬಲ್ಲ ಕೆಲವೇ ಮಂದಿ.

ಮಾಡಬಹುದಾದ ಕೆಲಸಗಳು ಅಸಾಧ್ಯವೇನಲ್ಲ. ಮೊದಲನೆಯದು, ಸಂಗ್ರಹವನ್ನೇ ಕಡಿಮೆ ಮಾಡುವುದು. ಬ್ರಿಟನ್ನಿನ ಸುರಕ್ಷತಾ ತಜ್ಞ ಟ್ರೆವರ್ ಕ್ಲೆಟ್ಜ್ ಜೀವಮಾನವಿಡೀ ಸಾರಿದ್ದು ಇದನ್ನೇ: ಅಪಾಯಕಾರಿ ವಸ್ತುವನ್ನು ಗುಡ್ಡೆ ಹಾಕಿಕೊಂಡು ಕಾವಲು ಕಾಯುವುದಕ್ಕಿಂತ, ಅದರ ಅಗತ್ಯವನ್ನೇ ತಗ್ಗಿಸುವುದು ಲೇಸು. ಭೋಪಾಲದ ಒಂದು ಟ್ಯಾಂಕಿನಲ್ಲೇ 40 ಟನ್‌ಗಳಷ್ಟಿದ್ದ ಆ ದ್ರವ ಅಂತಿಮ ಸರಕಲ್ಲ, ಕೀಟನಾಶಕ ತಯಾರಿಕೆಯ ನಡುವಿನ ಪದಾರ್ಥ ಮಾತ್ರ.

ಎರಡನೆಯದು, ಸ್ವಲ್ಪದರಲ್ಲೇ ತಪ್ಪಿದ ಅಪಘಾತಗಳ ದಾಖಲೆ. ದೊಡ್ಡ ದುರಂತಕ್ಕೆ ಮೊದಲು ಹತ್ತಾರು ಸಣ್ಣ ಸೂಚನೆಗಳಿರುತ್ತವೆ. ಅವನ್ನು ವರದಿ ಮಾಡಿದ ಕಾರ್ಮಿಕನಿಗೆ ನೋಟಿಸ್ ಕೊಡುವ ಕಡೆ ಸೂಚನೆಗಳು ನಿಲ್ಲುತ್ತವೆ, ಅಪಾಯ ನಿಲ್ಲುವುದಿಲ್ಲ. ಗುತ್ತಿಗೆ ಕಾರ್ಮಿಕನಿಗಂತೂ ಬಾಯಿ ಬಿಡುವ ಧೈರ್ಯವೇ ಇರುವುದಿಲ್ಲ.

ಮೂರನೆಯದು, ಸ್ವತಂತ್ರ ತನಿಖೆ. ವಿಮಾನ ಬಿದ್ದರೆ ಕಾರಣ ಹುಡುಕಲೆಂದೇ ನಮ್ಮಲ್ಲಿ ಪ್ರತ್ಯೇಕ ಬ್ಯೂರೋ ಇದೆ. ಅಮೆರಿಕದಲ್ಲಿ 1998ರಲ್ಲಿ ಕೆಲಸ ಆರಂಭಿಸಿದ ರಾಸಾಯನಿಕ ಸುರಕ್ಷತಾ ಮಂಡಳಿಗೆ ದಂಡ ಹಾಕುವ ಅಧಿಕಾರವಿರಲಿಲ್ಲ; ಕಾರಣ ಹುಡುಕಿ ಜಗತ್ತಿಗೆಲ್ಲ ಕಾಣುವಂತೆ ಪ್ರಕಟಿಸುವುದೇ ಅದರ ಕೆಲಸವಾಗಿತ್ತು. ಟೆಕ್ಸಾಸ್ ಸಿಟಿಯಲ್ಲಿ ಏನಾಯಿತೆಂದು ನಿಮಿಷ ನಿಮಿಷದ ವಿವರ ನಾನಿಂದು ಓದಬಲ್ಲೆ. ನನ್ನದೇ ಜಿಲ್ಲೆಯ ಆ ಶೀತಲಗೃಹದ ತನಿಖಾ ವರದಿ ಎಲ್ಲಿದೆಯೆಂದು ಹೇಳಲಾರೆ.

ನಾಲ್ಕನೆಯದು, ಮತ್ತು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು, ನೆರೆಯವರ ತಿಳಿಯುವ ಹಕ್ಕು. ಅಪಘಾತದಿಂದ ಬಾಧಿತರಾಗಬಹುದಾದವರಿಗೆ ಮುಂಚಿತವಾಗಿಯೇ ಮಾಹಿತಿ ನೀಡಬೇಕೆಂದು 1989ರ ನಿಯಮಗಳೇ ಹೇಳಿದವು. ಇದು ಹಳ್ಳಿಯವರ ಸಮಸ್ಯೆ ಮಾತ್ರ ಎಂದು ನಗರದ ಓದುಗರು ಭಾವಿಸಬೇಕಿಲ್ಲ. ಮಂಗಳೂರಿನಲ್ಲಿ ತೈಲ ಸಂಸ್ಕರಣಾಗಾರವಿದೆ, ಬೆಂಗಳೂರಿಗೆ ಸಮೀಪದ ದೇವನಗೊಂದಿಯಲ್ಲಿ ತೈಲ ದಾಸ್ತಾನುಗಳಿವೆ, ಕುಡಿಯುವ ನೀರು ಶುದ್ಧೀಕರಿಸುವ ಎಷ್ಟೋ ಘಟಕಗಳಲ್ಲಿ ಕ್ಲೋರಿನ್ ಸಿಲಿಂಡರುಗಳಿರುತ್ತವೆ. ಮನೆ ಕೊಳ್ಳುವಾಗ ವಾಸ್ತು ವಿಚಾರಿಸುವ ನಾವು, ಒಂದು ಕಿ.ಮೀ. ಆಚೆ ಏನು ಸಂಗ್ರಹವಾಗಿದೆ, ಸೈರನ್ ಕೂಗಿದರೆ ಎತ್ತ ಹೋಗಬೇಕು ಎಂದು ಕೇಳಿದ್ದುಂಟೇ? ಕೇಳುವ ಜನರಿದ್ದಲ್ಲಿ ಮಾತ್ರ ಉತ್ತರಿಸುವ ಕಚೇರಿಗಳಿರುತ್ತವೆ.

ಆ ಘಟನೆಯ ನಂತರ ನಾನು ಮಾಡಿದ್ದು ಬಹಳ ಸಣ್ಣ ಕೆಲಸ. ಪಟ್ಟಿಯಲ್ಲಿಲ್ಲದ ಸಣ್ಣ ಘಟಕಗಳನ್ನೂ ಎಣಿಸಿದೆವು. ಕೈಗಾರಿಕಾ ಪ್ರದೇಶದ ಎತ್ತರದ ಜಾಗದಲ್ಲಿ ದೊಡ್ಡದೊಂದು ಗಾಳಿಚೀಲ ಕಟ್ಟಿಸಿ, ರಾತ್ರಿ ಅದರ ಮೇಲೆ ಬೆಳಕು ಬೀಳುವಂತೆ ದೀಪ ಹಾಕಿಸಿದೆ. ವರ್ಗವಾಗುವ ಮುನ್ನ ಒಮ್ಮೆ, ಯಾರಿಗೂ ಹೇಳದೆ, ರಾತ್ರಿ ಒಂದು ಗಂಟೆಗೆ ಅಣಕು ಕಾರ್ಯಾಚರಣೆ ನಡೆಸಿದೆ. ಅಗ್ನಿಶಾಮಕ ವಾಹನ ಬರಲು ಹಿಡಿದ ಸಮಯ 34 ನಿಮಿಷ. ಈ ಬಾರಿ ನಡವಳಿಯಲ್ಲಿ 'ಯಶಸ್ವಿ' ಎಂಬ ಪದ ಇರಲಿಲ್ಲ. ನನ್ನ ಸೇವೆಯಲ್ಲಿ ಬರೆಸಿದ ಅತ್ಯಂತ ಉಪಯುಕ್ತ ನಡವಳಿ ಅದೇ ಇರಬೇಕು.

ಕೆಲವು ವರ್ಷಗಳ ನಂತರ ಬೇರೊಂದು ಕೆಲಸದ ಮೇಲೆ ರಾತ್ರಿ ಅದೇ ದಾರಿಯಲ್ಲಿ ಹೋಗಬೇಕಾಗಿ ಬಂತು. ಕಾರು ನಿಲ್ಲಿಸಿ ನೋಡಿದೆ. ಕಂಬವಿತ್ತು, ಚೀಲವೂ ಇದ್ದಿರಬೇಕು, ದೀಪ ಉರಿಯುತ್ತಿರಲಿಲ್ಲ. ಬಲ್ಬು ಅಂದೇ ಕೆಟ್ಟಿತ್ತೋ, ಎರಡು ವರ್ಷಗಳ ಹಿಂದೆ ಕೆಟ್ಟಿತ್ತೋ ತಿಳಿಯದು. ಮರುದಿನ ಆಗಿನ ಜಿಲ್ಲಾಧಿಕಾರಿಗೆ ದೂರವಾಣಿ ಮಾಡಿ ಹೇಳಿದೆ. ಅವರು ಸಜ್ಜನರು, 'ಗಮನಿಸುತ್ತೇನೆ ಸರ್' ಎಂದರು. ಹಿಂದೊಮ್ಮೆ ಆ ಅಜ್ಜಿಗೆ ನಾವು ಕೊಟ್ಟಿದ್ದೂ ಅದೇ ಉತ್ತರ.

ಕಾಯ್ದೆ ಬರೆಯುವವರು ದೆಹಲಿಯಲ್ಲಿದ್ದಾರೆ, ತೀರ್ಪು ಕೊಡುವವರು ನ್ಯಾಯಾಲಯದಲ್ಲಿದ್ದಾರೆ. ಬಲ್ಬು ಬದಲಿಸುವವರು ಯಾರು ಎಂಬುದನ್ನು ಮಾತ್ರ ನಾವಿನ್ನೂ ತೀರ್ಮಾನಿಸಿಲ್ಲ.